ಕಡಲು ಕಾಣುವ ಕೋಣೆ

ಜನವರಿ ೨೧, ಬುಧವಾರ

ನಮ್ಮನೆಯವರು ಇಂದು ಚೌಕಾಸಿ ಮಾಡಲಿಲ್ಲ. ಚಳಿಗಾಲದಲ್ಲಿ ಬಾಡಿಗೆ ಅರ್ಧ ಎಂದೇ ಈ ಖಾಲಿ ಹೋಟೆಲಿಗೆ ಬಂದವರು, ಮೂವತ್ತು ವರ್ಷ ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾಡಿದ ಕಂಡಕ್ಟರು, ಕೇಳಿದಷ್ಟು ಕೊಟ್ಟು ಕಡಲು ಕಾಣುವ ಕೋಣೆ ಹಿಡಿದರು. ಯಾವಾಗಲೂ ಮನೆಗೆಂದು ಎತ್ತಿಡುವ ಹೋಟೆಲಿನ ಪುಟ್ಟ ಸೋಪನ್ನೂ ಬಿಚ್ಚಿ ಕೈ ತೊಳೆದರು. ಹೋದ ವಾರ ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬಂದು, "ಏನಿಲ್ಲ ಬಿಡು, ಗ್ಯಾಸ್ ಅಷ್ಟೇ" ಎಂದಿದ್ದರು. ಚೀಟಿ ಮಾತ್ರ ತೋರಿಸಲಿಲ್ಲ, ಮೊಂಡ.

ಸಂಜೆ ಒಂದೇ ಶಾಲು ಹೊದ್ದು ಮರಳ ಮೇಲೆ ಕೂತೆವು. ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

"ಬೇಸಿಗೇಲಿ ಮತ್ತೆ ಬರೋಣ್ವಾ?" ಎಂದೆ.

"ನೀನು ಖಂಡಿತ ಬಾ. ನಿಮ್ಮಕ್ಕನ್ನ ಕರ್ಕೊಂಡು ಬಾ."

ಈಗ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಗೊರಕೆ ನಿಂತಾಗಲೆಲ್ಲ ನನ್ನ ಪೆನ್ನೂ ನಿಲ್ಲುತ್ತದೆ.