ಖಾಯ್‌ನ ಫೋನು ಪೀಠದ ಮೇಲಿಲ್ಲ

ಅಮ್ಮಾ,

ಗತಿಸಿದ ಹಿರಿಯರ ಪೂಜೆಯ ಪೀಠದ ಮೇಲೆ ನಿಮ್ಮ ಮಗ ಖಾಯ್‌ನ ಫೋಟೊ ಪಕ್ಕದಲ್ಲಿದ್ದ ಅವನ ಫೋನನ್ನು ನಾನೇ ತೆಗೆದಿದ್ದೇನೆ, ಗಾಬರಿಯಾಗಬೇಡಿ. ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟದ್ದರಿಂದ ಅದರ ಬ್ಯಾಟರಿ ಊದಿಕೊಂಡು, ಹಿಂದಿನ ಮುಚ್ಚಳ ಎದ್ದಿದೆ. ಪಕ್ಕದಲ್ಲೇ ಊದುಬತ್ತಿಯ ಕೆಂಡ. ಹೊತ್ತಿಕೊಂಡರೆ ಫೋಟೊವೂ ಉಳಿಯದು, ಮನೆಯೂ ಉಳಿಯದು.

"ಆ ಲೋಕದಲ್ಲಿ ಅವನಿಗೆ ಚಾರ್ಜು ಯಾರು ಹಾಕ್ಕೊಡ್ತಾರೆ, ನೀನು ಓದಿದ ಯೂನಿವರ್ಸಿಟಿಯವರಾ?" ಅಂತ ಮೊನ್ನೆ ಬೈದಿರಿ. ಹುಣ್ಣಿಮೆಗೆ ಅವನ ಹೆಸರಲ್ಲಿ ಕಾಗದದ ಫೋನು ಸುಡೋಣ, ಸುಟ್ಟದ್ದು ಆ ಲೋಕಕ್ಕೆ ತಲುಪುತ್ತದೆ ಅಂತ ನೀವೇ ಹೇಳುತ್ತೀರಲ್ಲ. ಕಾಗದದ ಚಾರ್ಜರನ್ನೂ ತರುತ್ತೇನೆ.

ಫೋನು ಹಿತ್ತಿಲಲ್ಲಿ, ಮರಳು ತುಂಬಿದ ಮಡಕೆಯಲ್ಲಿದೆ. ಮುಟ್ಟಬೇಡಿ, ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ. ಸಂಜೆ ರಿಪೇರಿಯವನ ಬಳಿ ಒಯ್ಯುತ್ತೇನೆ.

ಅದರಲ್ಲಿದ್ದ ಖಾಯ್‌ನ ಧ್ವನಿ ಸಂದೇಶಗಳನ್ನೆಲ್ಲ ಮೊದಲೇ ನಿಮ್ಮ ಫೋನಿಗೆ ಹಾಕಿದ್ದೇನೆ. ಪರದೆಯಲ್ಲಿ ಕಾಣುವ ಅವನ ಮುಖದ ಮೇಲೆ ಒತ್ತಿದರೆ ಸಾಕು. ನಿಮ್ಮ ಫೋನನ್ನೂ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ, ದಯವಿಟ್ಟು.

ಪೀಠದ ಮೇಲಿನ ಬಾಳೆಹಣ್ಣು ಇಳಿಸಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಅಳುತ್ತಾ ಕೂರಬೇಡಿ.

ನಾನು ಬಂದ ಸದ್ದಾದರೆ ಅವನ ಮಾತನ್ನು ನಿಲ್ಲಿಸಿಬಿಡುತ್ತೀರಲ್ಲ, ಹಾಗೆ ಮಾಡಬೇಡಿ. ಇವತ್ತು ನಾನೂ ಕೂತು ಕೇಳುತ್ತೇನೆ.

ನಿಮ್ಮ ಸೊಸೆ,
ಡಿಯೆಪ್