ಇನ್ನೂರ ಆರು ‘ಇಲ್ಲ’ಗಳು

ಮನೆಯಿಂದ,
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಗನೇ,

ಹೇಗಿದ್ದೀಯೋ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಈಗ ನಾವಿಬ್ಬರೂ ಚೆನ್ನಾಗಿದ್ದೇವೆ. ಸುದ್ದಿ ಕೇಳು: ನಿನ್ನ ಹೆಂಡತಿ ಗೆದ್ದಳು ಕಣೋ! ಫೋನಿನಲ್ಲಿ ಹೇಳಬೇಡ, ನಾನೇ ಬರೆಯುತ್ತೇನೆ ಎಂದು ಅವಳ ಬಾಯಿ ಕಟ್ಟಿದ್ದೆ, ಅದಕ್ಕೇ ತಿಂಗಳು ತಡ. ಇನ್ನು ಮೇಲೆ ಅವಳು ಡಾಕ್ಟರು. ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಆದ ಡಾಕ್ಟರು. ಪಕ್ಕದ ಮನೆಯಾಕೆ ಆಗಲೇ ಮಂಡಿನೋವು ತೋರಿಸಲು ಬಂದು ಹೋದಳು.

ಅವಳ ಪ್ರಬಂಧ ಗೊತ್ತಲ್ಲ? ಹೆಂಗಸರ ಎದೆಯ ಗಂಟಿನ ಬಗ್ಗೆ ಪತ್ರಿಕೆಗಳು ಹತ್ತು ವರ್ಷ ಏನು ಬರೆದವು, ಓದಿದವರಿಗೆ ಏನು ದಕ್ಕಿತು ಎಂಬುದು. ಪ್ರತಿ ಬರಹವನ್ನೂ ಇಬ್ಬರು ಬೇರೆ ಬೇರೆ ಕೂತು ಓದಿ, ಉಪಯೋಗದ ಮಾಹಿತಿ ‘ಇದೆ’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕಂತೆ. ಇಬ್ಬರದೂ ಹೊಂದಬೇಕು. ಎರಡನೆಯವಳಾಗಿದ್ದ ಗೆಳತಿ ಕೆಲಸ ಸಿಕ್ಕಿತೆಂದು ಕೈಕೊಟ್ಟಳು. ಅಡುಗೆಮನೆ ಮೇಜಿನ ತುಂಬ ಪತ್ರಿಕೆಗಳಿಂದ ಕತ್ತರಿಸಿದ ಮುನ್ನೂರು ತುಣುಕು ಹರಡಿಕೊಂಡು ತಲೆ ಮೇಲೆ ಕೈಹೊತ್ತು ಕೂತವಳನ್ನು ನೋಡಿ, ‘ಕೊಡೇ ಇತ್ಲಾಗೆ, ನಾನು ಓದ್ತೀನಿ’ ಅಂದೆ. ಮೂವತ್ತು ವರ್ಷ ಊರಿನವರ ಬಟ್ಟೆ ಹೊಲಿದವಳಿಗೆ ಪೇಪರ್ ಓದಲು ಬರುವುದಿಲ್ಲವೇ? ಆದರೆ ಅವಳು ‘ಇದೆ’ ಎಂದ ಕಡೆಯೆಲ್ಲ ನನ್ನದು ‘ಇಲ್ಲ’. ಒಟ್ಟು ಇನ್ನೂರ ಆರು! ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತಿತ್ತು. ‘ತಿದ್ದಿಬಿಡ್ಲೇನೇ?’ ಅಂದೆ. ‘ಬೇಡ ಅತ್ತೆ, ಸುಳ್ಳು ಗುರುತು ಹಾಕಿಸಿ ನಾನೆಂಥ ಡಾಕ್ಟರಾಗ್ಲಿ? ನೀವು ಯಾಕೆ ಇಲ್ಲ ಅಂದ್ರೋ ಅದನ್ನೇ ಬರೀತೀನಿ’ ಅಂದಳು ಹಟಮಾರಿ.

ಮೌಖಿಕ ಪರೀಕ್ಷೆಯ ದಿನ ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಮೂಗಿನ ತುದಿಗಿಳಿಸಿ, ‘ಈ ಎರಡನೇ ಓದುಗರಿಗೆ ಅರ್ಹತೆ ಏನ್ರೀ?’ ಎಂದರು. ಇವಳು ಪ್ರಬಂಧದ ಪುಟ ತಿರುವತೊಡಗಿದಳು. ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಹೋಗಿ ನನ್ನ ಚೀಲದಲ್ಲಿದ್ದ ಒಂದು ತುಣುಕು ಅವರ ಕೈಗಿಟ್ಟೆ. ‘ನನಗೆ ಎದೇಲಿ ಗಂಟಿದೆ ಅಂತ ಇಟ್ಕೊಳ್ಳಿ ಸ್ವಾಮಿ. ಇದನ್ನ ಓದಿ, ನಾಳೆ ಬೆಳಿಗ್ಗೆ ನಾನು ಎಲ್ಲಿಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು, ಹೇಳಿ ನೋಡೋಣ.’ ಅವರು ಓದಿದರು. ಇನ್ನೊಮ್ಮೆ ಓದಿದರು. ತಿರುಗಿಸಿದರೆ ಹಿಂದೆ ಟೈರಿನ ಜಾಹೀರಾತು! ನಟಿಯ ದೊಡ್ಡ ಫೋಟೊ ಇತ್ತು, ‘ಜಾಗೃತರಾಗಿರಿ’ ಎಂದಿತ್ತು, ಯಾವ ಬಾಗಿಲು ತಟ್ಟಬೇಕು ಅನ್ನುವುದು ಮಾತ್ರ ಇರಲಿಲ್ಲ. ‘ಇಲ್ಲ’ ಅಂದರು ಕೊನೆಗೆ, ಇವಳ ಕಡೆ ತಿರುಗಿ, ‘ಇದೇ ನಿಮ್ಮ ಪ್ರಬಂಧ ಕಣಮ್ಮ.’ ಚಪ್ಪಾಳೆ ಅಂದರೆ ಚಪ್ಪಾಳೆ! ಈಗ ಒಂದು ಪತ್ರಿಕೆ ಇಂಥ ಬರಹದ ಕೆಳಗೆ ಆಸ್ಪತ್ರೆ, ಕೊಠಡಿ, ವಾರ, ಸಮಯ ಎಲ್ಲ ಅಚ್ಚು ಹಾಕುತ್ತಿದೆ. ಹೆಮ್ಮೆಗೆ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ ಕಣೋ.

ಅವಳಿಗೆ ‘ಅಭಿನಂದನೆ’ ಎಂಬ ಒಣಮಾತು ಕಳಿಸಬೇಡ, ನಾಲ್ಕು ಪುಟ ಬರೆ. ನೂರು ಕಾಲ ಬಾಳು.

ನಿನ್ನ ಅಮ್ಮ
(ಎರಡನೇ ಓದುಗರು!)

ವಿ.ಸೂ.: ಬೈಯಬೇಡ. ‘ಗಂಟಿದೆ ಅಂತ ಇಟ್ಕೊಳ್ಳಿ’ ಅಂದದ್ದು ಬರೀ ವಾದಕ್ಕಲ್ಲ. ಆ ಮುನ್ನೂರನ್ನೂ ನಾನು ನನಗಾಗಿಯೇ ಓದಿದ್ದು. ನಾಚಿಕೆಗೆ ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಇವಳು ಕೈ ಹಿಡಿದು, ‘ಅತ್ತೆ, ನಿಜ ಹೇಳಿ’ ಅಂದಳು. ಹೇಳಿದೆ, ಅತ್ತುಬಿಟ್ಟೆ. ಮರುದಿನವೇ ಕರೆದೊಯ್ದಳು. ಗಂಟು ತೆಗೆದಾಯಿತು, ಎಲ್ಲೂ ಹರಡಿಲ್ಲವಂತೆ, ಸಕಾಲಕ್ಕೆ ಬಂದಿರಿ ಅಂದರು ಡಾಕ್ಟರು. ನಿನಗೆ ತಿಳಿಸುವುದೇ ಬೇಡ ಅಂದಿದ್ದೆ. ಇವಳು ಪಕ್ಕದಲ್ಲೇ ಕೂತಿದ್ದಾಳೆ, ಬರೆಯುವ ತನಕ ಏಳಲು ಬಿಡಲಿಲ್ಲ.