ರೆಗ್ಯುಲೇಟರ್ ವಾಪಸ್ ತನ್ನಿ

ದೊಡ್ಡಪ್ಪನಿಗೆ,

ನೀವು ನಮ್ಮ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋಗಿ ಇವತ್ತಿಗೆ ಆರು ದಿನ. ನಮಸ್ಕಾರ ಆಮೇಲೆ ಹೇಳುತ್ತೇನೆ, ಈಗ ಸಿಟ್ಟು ಬಂದಿದೆ.

"ಕಣ್ಣು ಕಾಣದ ಮುದುಕಿ, ಮನೆಗೇ ಬೆಂಕಿ ಇಟ್ಟಾಳು" ಅಂದಿರಿ, ಅದೂ ಅಜ್ಜಿಯ ಎದುರಿಗೇ. ಕಣ್ಣು ಮಂಜಾಗಿದ್ದರೂ ಅವಳ ಕಿವಿ ಚುರುಕಾಗಿದೆ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಈರುಳ್ಳಿ ಬಿದ್ದ ಸದ್ದಿನಲ್ಲೇ ಹೇಳುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಮನಸ್ಸಿಟ್ಟು ಕಲಿತದ್ದು ಅವಳ ಅಡುಗೆಯನ್ನು ಮಾತ್ರ. "ಇಣುಕಬೇಡ ಕತ್ತೆ, ಕೇಳಿಸಿಕೋ. ಕೊತಕೊತ ಅಂದ್ರೆ ನೀರಿದೆ, ಚಟಪಟ ಅಂದ್ರೆ ತಳ ಹಿಡೀತಿದೆ" ಅನ್ನುತ್ತಾಳೆ.

ಆ ದಿನ ಬೇಳೆ ಸೀದದ್ದು ನನ್ನಿಂದ. ಅಜ್ಜಿ ಸ್ನಾನಕ್ಕೆ ಹೋಗುವಾಗ ಒಲೆಯನ್ನು ನನಗೆ ಒಪ್ಪಿಸಿದ್ದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾರಸಿಗೆ ಹೋದೆ. ನೀವು ಬಂದಾಗ ಅಡುಗೆಮನೆ ತುಂಬ ಹೊಗೆ. "ನಾನೇ ಮರೆತೆ ಕಣೋ" ಎಂದು ಅಜ್ಜಿ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಓದೂ ಹತ್ತಲಿಲ್ಲ, ಅಡುಗೆಯೂ ಹತ್ತಲಿಲ್ಲ ಎಂದು ನೀವು ನನ್ನನ್ನು ಆಡಿಕೊಳ್ಳಬಾರದಂತೆ. ನಾನೋ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನಿಮ್ಮ ಮೇಲಿನ ಸಿಟ್ಟಿಗಿಂತ ನನಗೆ ನನ್ನ ಮೇಲಿನ ಆ ಸಿಟ್ಟೇ ದೊಡ್ಡದು.

ನೀವು ಕಳಿಸುವ ಡಬ್ಬಿಯ ಊಟವನ್ನು ಅವಳು ಎರಡು ತುತ್ತು ತಿಂದು ಮುಚ್ಚಿಡುತ್ತಾಳೆ. ಆದರೂ ದಿನಾ ಬೆಳಿಗ್ಗೆ ತಣ್ಣಗಿನ ಒಲೆಯನ್ನು ಒರೆಸುತ್ತಾಳೆ.

ನಾಳೆಯೇ ರೆಗ್ಯುಲೇಟರ್ ತಂದು ಹಾಕಿ. "ತಪ್ಪಾಯ್ತಮ್ಮ" ಎಂದು ಅವಳಿಗೆ ಹೇಳಿ. ನಾನು ನಿನ್ನೆ ಹೇಳಿದೆ. "ನಿನ್ನ ತಪ್ಪು ಪಾತ್ರೆಯ ತಳದಲ್ಲಿದೆ, ಹೋಗಿ ಉಜ್ಜು" ಅಂದಳು.

ಉಜ್ಜುತ್ತಿದ್ದೇನೆ. ಇನ್ನೂ ಹೋಗಿಲ್ಲ.

ಇಂತು,
ಬೇಳೆ ಸೀಯಿಸಿದವಳು,
ನಿಮ್ಮ ತಮ್ಮನ ಮಗಳು